ಮೊದಲ ಕೈ ಕೊಟ್ಟು ತಂದ ಗಾಡಿ

ನಾನು ಚಿಕ್ಕವನಿದ್ದಾಗ ಒಂದು ಕಡೆ ನಿಂತವನೇ ಅಲ್ಲ. ಆವತ್ತಂತೂ ಜಗಲಿಯಿಂದ ಹಿತ್ತಲಿಗೆ, ಹಿತ್ತಲಿನಿಂದ ಜಗಲಿಗೆ ಓಡಾಡಿದ್ದೇ ಓಡಾಡಿದ್ದು. ಮಾರನೆಯ ಬೆಳಿಗ್ಗೆಯಿಂದ ಅಕ್ಕನಿಗೆ ಮಧುಗಿರಿಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಮ್ಮೂರಿನಿಂದ ಎಂಟು ಮೈಲಿ. ಬಸ್ಸು ಬರುವ ಹೊತ್ತಿಗೆ ಅರ್ಧ ಪರೀಕ್ಷೆ ಮುಗಿದಿರುತ್ತಿತ್ತು. ಗಾಡಿ ಇದ್ದದ್ದು ದೊಡ್ಡಪ್ಪನ ಮನೆಯಲ್ಲಿ. "ಹುಣಸೆಹಣ್ಣು ಹೇರೋ ಕಾಲ ಕಣ್ಲಾ, ಎತ್ತು ಕೊಡಕಾಗಲ್ಲ" ಎಂದುಬಿಟ್ಟಿದ್ದ. "ಅಂಗಾದ್ರೆ ಪರೀಕ್ಷೆನೂ ಬ್ಯಾಡ ಬುಡು" ಎಂದು ಅಪ್ಪ ಗೊಣಗಿದ.

ಹುಣಸೆಮರದ ಚೀಟಿ ಎತ್ತುವುದೂ ಆ ದಿನವೇ. ಕೆರೆ ಏರಿಯ ಕೆಳಗಿನ ಮೂರು ಮರಗಳು ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರಿಗೂ ಸೇರಿದ್ದವು. ಅವುಗಳಲ್ಲಿ ಒಂದೇ ಒಂದು ಮರ ಕೊಂಬೆ ಬಾಗುವಷ್ಟು ಹಣ್ಣು ಬಿಡುತ್ತಿತ್ತು. ಪ್ರತಿವರ್ಷ ಚೊಂಬಿಗೆ ಮೂರು ಚೀಟಿ ಹಾಕಿ ಒಬ್ಬೊಬ್ಬರಾಗಿ ಎತ್ತುವುದು, ಯಾರಿಗೆ ಯಾವ ಮರ ಬಂತೋ ಆ ವರ್ಷದ ಹಣ್ಣು ಅವರದು. ಮೊದಲು ಕೈ ಹಾಕುವ ಸರದಿ ವರ್ಷಕ್ಕೊಂದು ಮನೆಗೆ. ಮೊದಲ ಕೈಗೇ ದೊಡ್ಡ ಮರ ಒಲಿಯುತ್ತದೆಂದು ಎಲ್ಲರ ನಂಬಿಕೆ. ಈ ಸಲದ ಸರದಿ ನಮ್ಮದು.

ಅಕ್ಕ ಬೀಜಗಣಿತದ ಪುಸ್ತಕ ಹಿಡಿದು ಕೂತಿದ್ದಳು. ಓದುತ್ತಿರಲಿಲ್ಲ, ಹಾಳೆಯ ಮೂಲೆ ಸುರುಳಿ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಒಲೆಯ ಇದ್ದಿಲು ತಂದು, ಅಂಗಳದ ಸುಡುವ ಚಪ್ಪಡಿಯ ಮೇಲೆ ಗೀಚತೊಡಗಿದಳು.

"ಅಪ್ಪಾ, ಇಲ್ನೋಡು. ಮೊದಲು ಎತ್ತೋರಿಗೆ ದೊಡ್ಡ ಮರ ಬರೋದು ಮೂರರಲ್ಲಿ ಒಂದ್ಸಲ. ಎರಡನೇರಿಗೆ ಬರ್ಬೇಕಾದ್ರೆ ಮೊದಲ್ನೇರಿಗೆ ತಪ್ಪಿರ್ಬೇಕು. ಅದು ಮೂರರಲ್ಲಿ ಎರಡ್ಸಲ. ಆಗ ಉಳಿಯೋದು ಎರಡೇ ಚೀಟಿ, ಅದ್ರಾಗೆ ಅರ್ಧ ಸಲ ಸಿಗ್ತದೆ. ಆ ಎರಡ್ಸಲದಾಗೆ ಅರ್ಧ ಅಂದ್ರೆ ಒಂದ್ಸಲ. ಅಲ್ಲಿಗೆ ಅವರಿಗೂ ಮೂರರಲ್ಲಿ ಒಂದೇ."

"ಕೊನೆಯೋರಿಗೆ?" ಕಾಲು ಸುಡುತ್ತಿದ್ದರಿಂದ ಕುಣಿಯುತ್ತಲೇ ಕೇಳಿದೆ.

"ಅದನ್ನ ಎಕ್ಸ್ ಅನ್ಕೋ. ಮರ ಯಾರಿಗಾದ್ರೂ ಒಬ್ಬರಿಗೆ ಬಂದೇ ಬರ್ತದೆ, ಅದಕ್ಕೆ ಮೂರೂ ಸೇರಿದ್ರೆ ಒಂದು. ಒಂದರಾಗೆ ಮೊದಲಿಬ್ಬರ ಮೂರನೇ ಎರಡು ಭಾಗ ಕಳೆದ್ರೆ ಎಕ್ಸ್ ಎಷ್ಟ್ಲಾ?"

"ಮೂರನೇ ಒಂದು!"

"ಮತ್ತೆ ಮೊದಲ ಕೈನಾಗೆ ಏನೈತೆ? ಅದನ್ನ ದೊಡ್ಡಪ್ಪಂಗೆ ಕೊಟ್ಬುಡಪ್ಪ, ಗಾಡಿ ಕೇಳು."

ಅಪ್ಪ ನಂಬಲಿಲ್ಲ. ಅಂಗಳ ಸುತ್ತಿದ, ಎಲೆಯಡಿಕೆ ಉಗಿದು ಬಂದು ಮತ್ತೆ ಚಪ್ಪಡಿ ನೋಡಿದ. ಅಕ್ಕ ನನ್ನ ಕೈಯಲ್ಲಿ ಮೂವತ್ತು ಸಲ ಚೀಟಿ ಎತ್ತಿಸಿದಳು. ದೊಡ್ಡ ಮರ ಮೊದಲ ಕೈಗೆ ಒಂಬತ್ತು ಸಲ, ಎರಡನೆಯದಕ್ಕೆ ಹನ್ನೊಂದು, ಕೊನೆಯದಕ್ಕೆ ಹತ್ತು. ಅಪ್ಪ ಟವೆಲ್ ಕೊಡವಿ ಚೀಟಿ ಎತ್ತಲು ದೊಡ್ಡಪ್ಪನ ಮನೆಗೆ ಹೊರಟ, ಹಿಂದೆಯೇ ಅಕ್ಕ, ನಾನು.

"ಅಣ್ಣಾ, ಮೊದಲ ಕೈ ನೀನೇ ಹಾಕು. ನಾಳೆ ನಮ್ ಹುಡುಗೀಗೆ ಗಾಡಿ ಕಟ್ಟು."

"ಬಿಸಿಲಿಗೆ ತಲೆ ಕೆಟ್ಟೈತೇನ್ಲಾ? ಆಯ್ತು, ಕಟ್ತೀನಿ!"

"ನಾಳೆ ಒಂದಿನ ಅಲ್ಲ ದೊಡ್ಡಪ್ಪ, ಪರೀಕ್ಷೆ ಮುಗಿಯೋಗಂಟ" ಎಂದು ನಾನು ನಡುವೆ ಬಾಯಿ ಹಾಕಿದೆ. ಅವನು ನಕ್ಕು, ಅದಕ್ಕೂ ಒಪ್ಪಿ, ಚೊಂಬಿಗೆ ಕೈ ಹಾಕಿದ.

ಬಂದದ್ದು ದೊಡ್ಡ ಮರವೇ!

ಅಪ್ಪ ಅಕ್ಕನನ್ನು ದುರುಗುಟ್ಟಿ ನೋಡಿದ. "ಎಲ್ಲವ್ವಾ ನಿನ್ನ ಎಕ್ಸು?" ಅಕ್ಕನ ಮುಖ ಸಪ್ಪಗಾಯಿತು, ದನಿ ಮಾತ್ರ ನಡುಗಲಿಲ್ಲ. "ಮೂರರಲ್ಲಿ ಒಂದ್ಸಲ ಬರ್ತದೆ ಅಂತ ನಾನೇ ಹೇಳಿದ್ನಲ್ಲಪ್ಪ. ಆ ಒಂದ್ಸಲ ಇವತ್ತು ಬಂತು. ನೀನು ಮೊದಲು ಎತ್ತಿದ್ರೂ ನಿಂಗೇ ಬರ್ತಿತ್ತು ಅಂತ ಯಾರು ಹೇಳ್ತಾರೆ?" ನಮಗೆ ಬಂದದ್ದು ಬಡಕಲು ಮರ. ಆ ವರ್ಷವೆಲ್ಲ ಅಮ್ಮ ಸಾರಿಗೆ ಹುಣಸೆಹಣ್ಣನ್ನು ಅಳೆದು ಹಾಕಿದಳು. ಆದರೆ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಗಾಡಿ ನಿಂತಿತ್ತು. ಹುಲ್ಲಿನ ಮೇಲೆ ಮಸಿಕುಡಿಕೆ ಹಿಡಿದು ಕೂತ ಅಕ್ಕನ ಹಿಂದೆ ನಾನು ಕೆರೆ ಏರಿಯವರೆಗೂ ಓಡಿದೆ. ಅವಳು ಪಾಸಾದಳು, ಮುಂದೆ ಮೇಷ್ಟ್ರೂ ಆದಳು.

ಈಗ ನಿಮಗೆ ಬಾಗಿಲಿಗೇ ಶಾಲೆಯ ವ್ಯಾನು ಬರುತ್ತದೆ. ಅದರ ಕಿಟಕಿ ಸೀಟಿಗೆ ಚೀಟಿ ಎತ್ತುವಾಗ "ನಾನು ಮೊದಲು, ನಾನು ಮೊದಲು" ಎಂದು ಕಿತ್ತಾಡುತ್ತೀರಿ. ಮೊದಲು ಎತ್ತುವುದನ್ನು ಬಿಟ್ಟುಕೊಡಿ ಮಕ್ಕಳೇ. ಪುಕ್ಕಟೆ ಮಾತ್ರ ಬಿಟ್ಟುಕೊಡಬೇಡಿ.