ಮಾತಾಡುವ ಕಿವಿಯ ಅಳತೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಉಜ್ಜುವ ಯಂತ್ರ ಗುರ್ ಎನ್ನುತ್ತಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬರು ಗೋಡಂಬಿಗಿಂತ ತುಸು ದೊಡ್ಡದಾದ ತುಂಡೊಂದನ್ನು ಯಂತ್ರಕ್ಕೆ ತಾಗಿಸಿ, ತೆಗೆದು, ಬೆರಳಲ್ಲಿ ಸವರಿ, ಮತ್ತೆ ತಾಗಿಸುತ್ತಿದ್ದಾರೆ. ಅವರ ಕೆಲಸ ನೋಡಿ ಬರೆಯಲು ಬಂದ ನಾನು, ಇಷ್ಟು ಬೇಗ ಯಾಕೆ ಎಂದು ಕೇಳಿದರೆ ಪಕ್ಕದ ಗೋಡೆ ತೋರಿಸುತ್ತಾರೆ. "ಅಲ್ಲಿ ಒಂಬತ್ತಕ್ಕೆ ಕಿವಿ ಪರೀಕ್ಷೆ ಶುರು. ನನ್ನ ಮಷೀನ್ ಸದ್ದು ಕೇಳಿಸಿದ್ರೆ ಅವರ ಪರೀಕ್ಷೆಯೆಲ್ಲ ಎಡವಟ್ಟು. ಅದಕ್ಕೇ ಊರು ಏಳೋಕೆ ಮುಂಚೆ ನನ್ನ ಗಲಾಟೆ ಮುಗಿಸಿಬಿಡ್ತೀನಿ."

ಆಸ್ಪತ್ರೆಗೆಲ್ಲ ಇವರು ಕಿವಿಯಕ್ಕ. ಶ್ರವಣಯಂತ್ರವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಮಾಡುವುದು ಇವರ ಕೆಲಸ. ಯಂತ್ರ ಕಾರ್ಖಾನೆಯಿಂದ ಬರುತ್ತದೆ, ಎಷ್ಟೋ ಜನಕ್ಕೆ ಒಂದೇ ತರಹದ್ದು. ಅಚ್ಚು ಮಾತ್ರ ಒಬ್ಬೊಬ್ಬರಿಗೂ ಬೇರೆ. ಅದು ಕೂದಲೆಳೆಯಷ್ಟು ಸಡಿಲವಾದರೂ ಒಳಗಿನ ಸದ್ದು ಹೊರಗೆ ಸೋರಿ, ಯಂತ್ರ ಕುಯ್ ಎಂದು ಸಿಳ್ಳೆ ಹಾಕುತ್ತದೆ. ಎರಡು ಕಿವಿಗಳೂ ಒಂದೇ ಅಳತೆಯವು ಎಂದು ಇಷ್ಟು ವಯಸ್ಸಾದರೂ ನಂಬಿದ್ದ ಪುಣ್ಯಾತ್ಮ ನಾನು. "ಯಾರು ಹೇಳಿದ್ದು? ನಿಮ್ಮ ಎಡಗಿವಿ ಸ್ವಲ್ಪ ಸೊಟ್ಟ," ಎಂದು ಕಿವಿಯಕ್ಕ ಒಂದೇ ನೋಟಕ್ಕೆ ತೀರ್ಪು ಕೊಡುತ್ತಾರೆ.

ಮೊದಲು ಇವರು ಹಲ್ಲಿನ ಸೆಟ್ಟು ಮಾಡುವಲ್ಲಿ ಒಂಬತ್ತು ವರ್ಷ ದುಡಿದವರು. ಅದು ಮುಚ್ಚಿಹೋದಾಗ ಇಲ್ಲಿಗೆ ಬಂದರು. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಆರೇಳು ಅಚ್ಚು. ಮಕ್ಕಳ ಕಿವಿ ಬೆಳೆಯುತ್ತಲೇ ಇರುವುದರಿಂದ ಅವರಿಗೆ ಮೂರ್ನಾಲ್ಕು ತಿಂಗಳಿಗೊಮ್ಮೆ ಹೊಸದಾಗಬೇಕು. ದೂಳಿಗೆ ಕೆಮ್ಮು ಅಂಟಿಕೊಂಡಿದೆ. ಬೆರಳ ತುದಿ ಸವೆದು ಸವೆದು ಅವರ ಫೋನೇ ಅವರನ್ನು ಗುರುತಿಸುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅವರ ಹುದ್ದೆ 'ಸಹಾಯಕಿ'. "ಯಾರಿಗೆ ಸಹಾಯಕಿ ಅಂತ ಇವತ್ತಿಗೂ ಯಾರೂ ಹೇಳಿಲ್ಲ ನೋಡಿ," ಎಂದು ನಗುತ್ತಾರೆ. ನನಗೆ ಮಾತ್ರ ನಗು ಬರಲಿಲ್ಲ, ಸಿಟ್ಟೇ ಬಂತು.

ಶುರುವಿನಲ್ಲಿ ಕಿವಿಯಕ್ಕ ದೊಡ್ಡದೊಂದು ತಪ್ಪು ಮಾಡುತ್ತಿದ್ದರಂತೆ. ಕಿವಿಗೆ ಮೆತ್ತನೆಯ ಹಿಟ್ಟು ತುಂಬಿ, ಅದು ಗಟ್ಟಿಯಾಗುವವರೆಗೆ "ಅಲ್ಲಾಡಬೇಡಿ, ಬಾಯಿ ತೆಗೀಬೇಡಿ" ಎಂದು ಗದರಿಸಿ ಕೂರಿಸುತ್ತಿದ್ದರು. ಅಚ್ಚು ಚೆಂದವಾಗಿ ಬರುತ್ತಿತ್ತು. ತಿಂಗಳೊಳಗೆ ಅಜ್ಜಿಯೊಬ್ಬರು ತಮ್ಮ ಅಚ್ಚನ್ನು ವಾಪಸ್ ತಂದು ಮೇಜಿನ ಮೇಲಿಟ್ಟರು. "ಸುಮ್ಮನಿದ್ದಾಗ ಚೆನ್ನಾಗಿ ಕೇಳುತ್ತೆ ಕಣಮ್ಮ. ಬಾಯಿ ತೆಗೆದ್ರೆ ಕುಯ್ ಅನ್ನುತ್ತೆ. ಸುಮ್ಮನಿರೋದಕ್ಕೆ ನನಗೆ ಇದ್ಯಾಕೆ?" ದವಡೆ ಆಡಿದರೆ ಕಿವಿಯ ಒಳಗಿನ ಆಕಾರವೂ ಬದಲಾಗುತ್ತದೆ ಎಂಬುದು ಕಿವಿಯಕ್ಕನಿಗೆ ಹೊಳೆದದ್ದು ಆವತ್ತು. ಅಲ್ಲಿಂದ ಈ ಕೋಣೆಯಲ್ಲಿ ಯಾರೂ ಸುಮ್ಮನೆ ಕೂರುವ ಹಾಗಿಲ್ಲ.

ಹತ್ತು ಗಂಟೆಗೆ ಕ್ಷೌರಿಕರೊಬ್ಬರು ಹೆಂಡತಿಯ ಜೊತೆ ಬರುತ್ತಾರೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಯಂತ್ರವಿದೆ. ಬೇರೆಲ್ಲೋ ಮಾಡಿಸಿದ ಎರಡು ಅಚ್ಚುಗಳೂ ಸಿಳ್ಳೆ ಹೊಡೆದಿವೆ. "ಮೊನ್ನೆ ಆ ಸಿಳ್ಳೆಗೆ ಗಿರಾಕಿ ಬೆಚ್ಚಿಬಿದ್ದು ಕೆನ್ನೆಗೆ ಬ್ಲೇಡು ತಾಗಿತು. ಇದರ ಸಹವಾಸ ಸಾಕು ಅಂತ ಯಂತ್ರ ತೆಗೆದಿಟ್ಟೆ. ಆಮೇಲೆ ಕೇಳಿಸದೆ, ಸಣ್ಣಗೆ ಕತ್ತರಿಸಿ ಅಂದವರನ್ನ ಬೋಳಿಸಿ ಕಳಿಸಿದೆ," ಎನ್ನುತ್ತಾರೆ. ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. "ಇದೂ ಸಿಳ್ಳೆ ಹೊಡೆದ್ರೆ ಅಂಗಡಿಗೆ ಬೀಗ ಹಾಕೋದೇ, ಅಕ್ಕ." ಹೆಂಡತಿಯ ಕಣ್ಣು ತುಂಬಿದೆ. "ಮೂವತ್ತು ವರ್ಷ ವಟವಟ ಅಂದ ಮನುಷ್ಯ. ಈಗ ಊಟಕ್ಕೆ ಕೂತ್ರೂ ಮಾತಿಲ್ಲ," ಎನ್ನುತ್ತಾರೆ.

ಕಿವಿಯಕ್ಕ ಅವರ ಬಲಗಿವಿಯ ಹತ್ತಿರ ಬಾಗಿ ಜೋರಾಗಿ ಕೇಳುತ್ತಾರೆ. "ಅಲ್ಲಿ ಅಳತೆ ಕೊಟ್ಟಾಗ ಕೂತಿದ್ರಾ ಅಣ್ಣ?"

"ಹೂಂ, ಕೂರಿಸಿದ್ರು."

"ಅಂಗಡೀಲೂ ಕೂತ್ಕೊಂಡೇ ಕತ್ತರಿಸ್ತೀರಾ?"

ಹಾಗೆಂದವರೇ ಕಿವಿಯಕ್ಕ ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಕೊರಳಿಗೆ ಟವೆಲ್ ಸುತ್ತುತ್ತಾರೆ. "ಇವರೇ ಗಿರಾಕಿ. ಹಿಟ್ಟು ತುಂಬಿದ ಮೇಲೆ ಏನೂ ಕೇಳಿಸಲ್ಲ. ಆದ್ರೂ ಅಂಗಡೀಲಿ ಹೇಗೋ ಹಾಗೇ ಬಗ್ಗಿ, ಮಾತಾಡ್ತಾ ಇರಿ," ಎನ್ನುತ್ತಾರೆ. ದಾರ ಕಟ್ಟಿದ ಹತ್ತಿಯ ಚೂರನ್ನು ಕ್ಷೌರಿಕರ ಬಲಗಿವಿಯ ಆಳಕ್ಕಿಟ್ಟು, ಪಿಚಕಾರಿಯಿಂದ ಹಿಟ್ಟು ತುಂಬುತ್ತಾರೆ. ಕ್ಷೌರಿಕರು ನನ್ನ ತಲೆಯ ಮೇಲೆ ಬಾಗಿ, ಖಾಲಿ ಬೆರಳುಗಳನ್ನೇ ಕತ್ತರಿಯಂತೆ ಆಡಿಸುತ್ತ, ಮೊದಲು ಅಳುಕಿ, ಆಮೇಲೆ ಸರಾಗವಾಗಿ ಮಾತಿಗಿಳಿಯುತ್ತಾರೆ. ನನಗೆ ಮಕ್ಕಳೆಷ್ಟು ಎಂದು ಕೇಳಿ, ಎರಡು ಎಂದು ತಾವೇ ಹೇಳಿಕೊಂಡು, ಇಬ್ಬರಿಗೂ ಮದುವೆ ಮಾಡಿಸಿಬಿಟ್ಟರು! ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ. ಕಿವಿಯಕ್ಕ ನಗುವುದಿಲ್ಲ. ಅವರ ಕಣ್ಣು ಆ ಕಿವಿಯನ್ನು ಬಿಟ್ಟು ಕದಲುವುದಿಲ್ಲ. ಐದು ನಿಮಿಷದ ಮೇಲೆ ಗಟ್ಟಿಯಾದ ತುಂಡನ್ನು ಮೆಲ್ಲಗೆ ತಿರುಗಿಸಿ ಹೊರಗೆ ಎಳೆಯುತ್ತಾರೆ.

ವಾರದ ನಂತರ ನಾನೂ ಹಾಜರ್. ಹೊಸ ಅಚ್ಚು ಕ್ಷೌರಿಕರ ಕಿವಿಗೆ ಕೂರುತ್ತದೆ. "ಬಾಯಿ ಅಗಲಿಸಿ, ಬಗ್ಗಿ, ಜೋರಾಗಿ ನಗಿ," ಎನ್ನುತ್ತಾರೆ ಕಿವಿಯಕ್ಕ. ಅವರು ಒಂದೊಂದನ್ನೂ ಮಾಡುತ್ತಾರೆ. ಸಿಳ್ಳೆ ಇಲ್ಲ. ಕ್ಷೌರಿಕರು ನನ್ನತ್ತ ತಿರುಗಿ, "ಅಲ್ಲಾ ಸ್ವಾಮಿ, ನಿಮ್ಮ ಕೂದಲು ಯಾರು ಕತ್ತರಿಸಿದ್ದು? ಇಲಿ ಕಚ್ಚಿದ ಹಾಗಿದೆಯಲ್ಲ!" ಎನ್ನುತ್ತಾರೆ. ನಾನು ಮೆಲುದನಿಯಲ್ಲಿ ಕೊಟ್ಟ ಉತ್ತರವೂ ಅವರಿಗೆ ಕೇಳಿಸುತ್ತದೆ. ಅದಕ್ಕೊಂದು ಮಾತು, ಆ ಮಾತಿಗೆ ಇನ್ನೊಂದು. ಗಡಿಯಾರ ಕಣ್ಣಿಗೆ ಬೀಳುತ್ತಲೇ "ಅಯ್ಯೋ, ಗಿರಾಕಿಗಳು ಕಾಯ್ತಿರ್ತಾರೆ!" ಎಂದು ಹೆಂಡತಿಯ ಜೊತೆ ಮಾತಾಡುತ್ತಲೇ ಮೆಟ್ಟಿಲು ಹತ್ತಿ ಹೋಗುತ್ತಾರೆ.

ನನಗೆ ಪಿಚ್ಚೆನಿಸುತ್ತದೆ. ನಿಮಗೊಂದು ಮಾತೂ ಹೇಳದೆ ಹೋದರಲ್ಲ ಎನ್ನುತ್ತೇನೆ.

"ಹಾಗೇ ಹೋಗ್ಬೇಕು," ಎಂದು ಕಿವಿಯಕ್ಕ ಮೇಜು ಒರೆಸುತ್ತಾರೆ. "ಕಿವೀಲಿ ಏನೋ ಇದೆ ಅನ್ನೋದೇ ಅವರಿಗೆ ಮರೆತುಹೋಗಿದೆ. ಅಚ್ಚು ಚುಚ್ಚಿದ್ರೆ ತಾನೆ ನನ್ನ ನೆನಪಾಗೋದು? ಇಷ್ಟು ವರ್ಷದಲ್ಲಿ ಎಷ್ಟು ಜನ ನನ್ನನ್ನ ಮರೆತಿದ್ದಾರೆ, ಗೊತ್ತಾ ನಿಮಗೆ?"