ಸರದಾರನ ಸಾವುಗಳು

ಮೊನ್ನೆ ಮೊಮ್ಮಗಳು ಬಾಡಿಗೆಗೆ ತಂದ ವಿಡಿಯೊ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಸ್ನಾನಕ್ಕೆ ಹೋದಳು. ಪೆಟ್ಟಿಗೆಯ ಮೇಲೆ ಹಲ್ಲು ಕಿರಿದ ಒಂದು ಮುಖ, ಅದರ ಕೆಳಗೆ ದೊಡ್ಡದಾಗಿ ಐದು ಎಂಬ ಅಂಕಿ. ನಾಲ್ಕು ಸಲ ಕೊಂದರೂ ಸಾಯದ ಈ ದರಿದ್ರವನ್ನು ದುಡ್ಡು ಕೊಟ್ಟು ನೋಡಬೇಕೇ ಎಂದು ಬೈಯಲು ಬಾಯಿ ತೆರೆದೆ. ಬೈಗುಳ ಹೊರಡಲಿಲ್ಲ. ಭಾಗ ಭಾಗವಾಗಿ ಬರುವ ಭೂತದ ಪಿಚ್ಚರನ್ನು ಈಗಿನ ಹುಡುಗರೇ ಕಂಡುಹಿಡಿದರು ಎಂದು ನೀವು ತಿಳಿದಿದ್ದರೆ ಸ್ವಲ್ಪ ಇತ್ತ ಬಂದು ಕೂತುಕೊಳ್ಳಿ. ಆ ವಿದ್ಯೆಯನ್ನು ನಾನು ಕಾರವಾರದ ಕಡಲದಂಡೆಯ ಟೆಂಟಿನಲ್ಲಿ, ಪರಕಾರ ಉಡುವ ವಯಸ್ಸಿನಲ್ಲೇ ಕಲಿತು ಮುಗಿಸಿದ್ದೇನೆ.

ಮೂವತ್ತರ ದಶಕದ ಮಾತು. ಬೇಸಿಗೆ ಬಂತೆಂದರೆ ಮುಂಬಯಿ ಕಡೆಯ ಮೂಕಿ ಪಿಚ್ಚರುಗಳನ್ನು ಹೊತ್ತು ಟೆಂಟಿನವರು ಬರುತ್ತಿದ್ದರು. ಅದರಲ್ಲಿ ಒಂದು ಸ್ಮಶಾನದ ಸರದಾರನದು. ಮೊದಲನೇ ವರ್ಷ ಅವನು ಹಾಳು ಬಾವಿಯಿಂದ ಎದ್ದು ಬಂದಾಗ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಕೊನೆಗೆ ನಾಯಕ ಅವನನ್ನು ಸುಟ್ಟ. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಬೂದಿಯ ರಾಶಿಯಿಂದ ಒಂದು ಬೆರಳು ಅಲ್ಲಾಡಿತು. ಮುಂದಿನ ಬೇಸಿಗೆಗೆ ಸರದಾರ ಆ ಬೂದಿಯಿಂದಲೇ ಮೈತಳೆದು ಮತ್ತೆ ಬಾವಿಯಿಂದ ಎದ್ದ. ಮೂರನೇ ಭಾಗದಲ್ಲಿ ಅವನಿಗೆ ಹೆಂಡತಿ ಸಿಕ್ಕಿದಳು, ನಾಲ್ಕರಲ್ಲಿ ರಾಜನ ದರ್ಬಾರಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಜನರಿಗೆ ಹೆದರಿಕೆ ಹೋಗಿ ಸಲಿಗೆ ಬಂದಿತ್ತು. ಬಾವಿಯ ಕಟ್ಟೆಯ ಮೇಲೆ ಕೈ ಕಂಡರೆ ಸಾಕು, ‘ಬಂದ್ರು, ಸರದಾರ್ರು ಬಂದ್ರು’ ಎಂದು ಕೂಗಿ ಚುರುಮುರಿ ಎರಚುತ್ತಿದ್ದರು. ಕಡಲಗಾಳಿಗೆ ಪರದೆ ಉಬ್ಬಿ ಅವನಿಗೆ ಬಸುರಿಯ ಹೊಟ್ಟೆ ಬರುತ್ತಿದ್ದುದೂ ಆ ಸಲಿಗೆಗೆ ಒಂದು ಕಾರಣ ಇರಬೇಕು.

ಈ ಸರದಾರ ನನ್ನ ಪಾಂಡುಮಾವ. ಅಂಕೋಲೆಯ ಹತ್ತಿರದ ನಮ್ಮ ಹಳ್ಳಿಯವನೇ, ನನ್ನ ಸೋದರತ್ತೆ ಗಿರಿಜತ್ತೆಯ ಗಂಡ. ನಾಟಕದ ಹುಚ್ಚು ಹತ್ತಿ ಮುಂಬಯಿಗೆ ಹೋದವನನ್ನು ಕಂಪನಿಯವರು ಭೂತದ ವೇಷಕ್ಕೆ ಹಿಡಿದುಹಾಕಿದ್ದರು. ಅತ್ತೆ ನಮ್ಮ ಮನೆಯಲ್ಲೇ ಇದ್ದಳು. ಮಾವ ಚೌತಿಗೆ ಬಂದರೆ ಬಂದ, ಇಲ್ಲವಾದರೆ ಇಲ್ಲ. ಬಂದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು.

“ಇನ್ನೆಷ್ಟು ವರ್ಷ ಹಿಂಗೇ?”

“ನಾ ಎಂತ ಮಾಡ್ಲೇ? ಸರದಾರ ಏಳ್ತಾ ಇರೂ ತನಕ ನಂಗೆ ಬಿಡುಗಡೆ ಇಲ್ಲ. ಅಂವ ಪೂರ್ತಿ ಸತ್ರೆ ನಾ ಊರಿಗೆ ಬಂದೆ ಅಂತ್ಲೇ ತಿಳ್ಕ.”

ಈಗ ನನ್ನ ಅತ್ತೆಯ ಕಷ್ಟ ನೋಡಿ. ಇಡೀ ಟೆಂಟು ಸರದಾರ ಏಳಲಿ ಎಂದು ಕಾದು ಕೂತಿರುತ್ತಿತ್ತು. ಅವನು ಏಳದಿರಲಿ ಎಂದು ಬೇಡಬೇಕಾದವಳು ಅವಳೊಬ್ಬಳೇ. ಆದರೆ ಕುಂಕುಮ ಇಟ್ಟ ಹೆಂಗಸು ಗಂಡ ಸಾಯಲಿ ಎಂದು, ಅದು ಪರದೆಯ ಮೇಲೆಯೇ ಆದರೂ, ಯಾವ ಬಾಯಿಂದ ಬೇಡಿಯಾಳು? ಯಾವ ದೇವರ ಮುಂದೆ ನಿಂತಾಳು? ಹಾಗೆಂದು ನೋಡದೆ ಇರಲೂ ಆಗದು. ವರ್ಷದಲ್ಲಿ ಗಂಡನನ್ನು ಕಣ್ಣು ತುಂಬ ನೋಡಲು ಸಿಗುತ್ತಿದ್ದದ್ದು ಆ ಪರದೆಯ ಮೇಲೆ ಮಾತ್ರ. ಅದಕ್ಕೇ ಪ್ರತಿ ಬೇಸಿಗೆ ನನ್ನನ್ನು ಕಟ್ಟಿಕೊಂಡು ಸರ್ವಿಸ್ ಮೋಟಾರಿನಲ್ಲಿ ಕಾರವಾರಕ್ಕೆ ಹೊರಡುತ್ತಿದ್ದಳು. ನಾಯಕ ಪಂಜು ಹಿಡಿದು ಹೊರಟ ಕೂಡಲೇ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮಂಗಳಸೂತ್ರವನ್ನು ಗಟ್ಟಿಯಾಗಿ ಹಿಡಿದು, ನಮ್ಮ ಕಡೆ ಚಿಕ್ಕ ಹುಡುಗಿಯರನ್ನು ಕರೆಯುವಂತೆ ನನ್ನನ್ನು ತಂಗೀ ಎಂದು ಕರೆದು ಕೇಳುತ್ತಿದ್ದಳು.

“ತಂಗೀ, ಮುಗೀತನೇ?”

“ಮುಗೀತು ಅತ್ತೆ.”

“ಬೆರಳು?”

“ಹಂದಾಡ್ತು.”

ಅವಳು ಒಂದು ನಿಟ್ಟುಸಿರು ಬಿಡುತ್ತಿದ್ದಳು. ಅದು ಬೇಸರದ್ದೋ ಸಮಾಧಾನದ್ದೋ ಎಂದು ನಾನು ಬಹಳ ಕಾಲ ತಲೆ ಕೆಡಿಸಿಕೊಂಡಿದ್ದೇನೆ. ಎರಡೂ ಹೌದು ಎಂದು ಈಗ ನನಗೆ ಧೈರ್ಯವಾಗಿ ಹೇಳಬರುತ್ತದೆ.

ಆಮೇಲೆ ಟಾಕಿ ಬಂತು. ಐದನೇ ಭಾಗದಲ್ಲಿ ಸರದಾರ ಮಾತಾಡುತ್ತಾನಂತೆ, ಹಾಡುತ್ತಾನಂತೆ ಎಂದು ಅಂಕೋಲೆಯ ಪೇಟೆಯಲ್ಲೆಲ್ಲ ಸುದ್ದಿ. ಮಾವ ಹಾಡುವುದೇ? ಅವನ ಕಂಠ ನಮ್ಮ ಕೊಟ್ಟಿಗೆಯ ಎಮ್ಮೆಗೂ ಗೊತ್ತಿತ್ತು. ಅದರ ಹಿಂದಿನ ಚೌತಿಗೂ ಅವನು ಬಂದಿರಲಿಲ್ಲ.

ಟೆಂಟಿನಲ್ಲಿ ಪಿಚ್ಚರಿನ ಹಾರ್ಮೋನಿಯಂ ನುಡಿಯಿತು. ಬಾವಿಯಿಂದ ಅದೇ ಜಡೆ, ಅದೇ ಬಿಳಿ ಬಳಿದ ಮುಖ ಎದ್ದು ಬಂತು, ಎಂದಿನಂತೆ ಕಾಲೆಳೆಯುತ್ತ ನಡೆಯಿತು, ಸೊಗಸಾಗಿ ಹಾಡಿತು. ಜನ ಶಿಳ್ಳೆ ಹೊಡೆದರು. ಅತ್ತೆ ನನ್ನ ತೋಳು ಚಿವುಟಿದಳು.

“ತಂಗೀ, ಅವ್ರಲ್ಲ ಇದು.”

“ಮತ್ತ್ಯಾರು?”

“ಯಾರೋ. ಅವ್ರು ಎಳಿಯೂದು ಎಡಗಾಲು. ಇಂವ ಬಲಗಾಲು ಎಳೀತಾ ಇದ್ದ ನೋಡು.”

ಹೌದಲ್ಲ! ಊರೂರು ನಡುಗಿಸಿದ ಸರದಾರನ ನಡಿಗೆ ಹುಟ್ಟಿದ್ದು ನಮ್ಮೂರ ಹೊಳೆಯಲ್ಲಿ. ಹುಡುಗನಾಗಿದ್ದಾಗ ಮಾವ ಕಲ್ಲಿಗಂಟಿದ ಚಿಪ್ಪು ಕೀಳಲು ಹೋಗಿ ಎಡ ಹಿಮ್ಮಡಿ ಸೀಳಿಕೊಂಡಿದ್ದ. ಮುಂಬಯಿಯವರು ಅದನ್ನು ಭೂತದ ಲಕ್ಷಣವೆಂದು ತಿಳಿದು ಹೊಸಬನಿಗೂ ಕಲಿಸಿದ್ದರು, ಕಾಲು ಯಾವುದೆಂದು ಮಾತ್ರ ಮರೆತಿದ್ದರು.

ನಾಯಕ ಪಂಜು ಹಿಡಿದ. ಅತ್ತೆ ಸೆರಗು ಎಳೆದುಕೊಳ್ಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಳು, ಬೆಂಕಿ ಹತ್ತಿದಾಗ ಜೋರಾಗಿ ಚಪ್ಪಾಳೆ ತಟ್ಟಿದಳು. ನಾವು ಉಳಿದುಕೊಂಡ ಮನೆಯ ರುಕ್ಮಾಬಾಯಿ ಪಕ್ಕದಲ್ಲೇ ಇದ್ದಳು. ಅವಳಿಗೆ ಒಳಗಿನ ಸುದ್ದಿ ಗೊತ್ತಿಲ್ಲ.

“ಅಗೋ ಬಾಯಿ, ಗಂಡ ಸುಟ್ಟು ಬೂದಿ ಆಗ್ತಾ ಇದ್ರೆ ಚಪ್ಪಾಳೆ ಹೊಡೂದಾ?”

“ಸುಡ್ಲಿ ರುಕ್ಮಕ್ಕಾ! ಲಾಯಕ್ಕಾಗಿ ಸುಡ್ಲಿ!”

ಬೆರಳು ಅಲ್ಲಾಡಿದಾಗಲೂ ತಟ್ಟಿದಳು. ಇನ್ನು ಅವನು ನೂರು ಸಲ ಎದ್ದರೂ ಅವಳಿಗೇನು? ನಾನು ಅತ್ತೆಯನ್ನು ಅಷ್ಟು ಚೆಲುವಾಗಿ ಕಂಡದ್ದು ಅದೇ ಮೊದಲು.

ಟೆಂಟಿನಿಂದ ಹೊರಗೆ ಬಂದು ಮರಳಿನಲ್ಲಿ ನಾಲ್ಕು ಹೆಜ್ಜೆ ಇಟ್ಟವಳು ಗಕ್ಕನೆ ನಿಂತಳು. ಮುಖದ ಕಳೆ ಇಳಿದಿತ್ತು. “ಹಂಗಾದ್ರೆ ಅವ್ರೆಲ್ಲಿ, ತಂಗೀ?” ಎಂದಳು. ಮುಂದಿನ ದಿನಗಳಲ್ಲಿ ಅವಳು ಸರಿಯಾಗಿ ಉಣ್ಣಲಿಲ್ಲ. ಕೆಲಸ ಹೋದ ಗಂಡಸು ಮುಂಬಯಿಯಂಥ ಊರಿನಲ್ಲಿ ಏನು ಮಾಡಿಕೊಂಡನೋ ಎಂಬ ಹೆದರಿಕೆ ಮನೆಮಂದಿಗೆಲ್ಲ ಹತ್ತಿತು. ನಿಜವಾದ ಹೆದರಿಕೆ ಎಂದರೆ ಏನೆಂದು ನನಗೆ ತಿಳಿದದ್ದು ಆಗ.

ಮಳೆಗಾಲಕ್ಕೆ ಮುಂಚಿನ ಕೊನೆಯ ಆಗಬೋಟು, ಮುಂಬಯಿಯ ಉಗಿಹಡಗು, ಹತ್ತಿ ಮಾವ ಕಾರವಾರಕ್ಕೆ ಬಂದಿಳಿದ. ಬಣ್ಣ ಹತ್ತಲೆಂದು ವರ್ಷಗಟ್ಟಲೆ ಬೋಳಿಸಿದ ಹುಬ್ಬು ಇನ್ನೂ ಪೂರ್ತಿ ಬೆಳೆದಿರಲಿಲ್ಲ. ಹಾಡು ಬಾರದ್ದಕ್ಕೆ ಬಿಡಿಸಿದ್ದರಂತೆ, ಊರಿಗೆ ಮುಖ ತೋರಿಸಲು ನಾಚಿ ಗೋದಾಮೊಂದರಲ್ಲಿ ಮೂಟೆ ಹೊರುತ್ತಿದ್ದನಂತೆ. ಜಗಲಿಯ ಮೇಲೆ ತಲೆ ತಗ್ಗಿಸಿ ಕೂತು, “ನನ್ನ ಬಾವಿ ಬೇರೆಯವ್ನಿಗೆ ಕೊಟ್ಬಿಟ್ರು” ಎಂದ. ನಗು ಬರುವ ಮಾತೇ, ಆದರೆ ಅವನ ಕಣ್ಣಲ್ಲಿ ನೀರಿತ್ತು.

ಅತ್ತೆ ಕಾಲು ತೊಳೆಯಲು ಚೊಂಬು ತಂದಿಟ್ಟಳು.

“ವರ್ಷಾ ವರ್ಷಾ ಅಲ್ಲಿ ಸತ್ತದ್ದು ಸಾಕು. ಇನ್ನು ಇಲ್ಲಿ ಬದ್ಕಿ.”

ಬದುಕಿದ. ಇಶಾಡು ಮಾವಿನ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ಹೋದರೆ ಜನ, “ಸರದಾರ್ರೇ, ಮತ್ತೆ ಏಳೂದು ಯಾವಾಗ?” ಎಂದು ಕೇಳುತ್ತಿದ್ದರು. “ನಾಳೆ, ಕೋಳಿ ಕೂಗ್ದಾಗ” ಎನ್ನುತ್ತಿದ್ದ. ಸರದಾರನ ಪಿಚ್ಚರುಗಳು ಆಮೇಲೂ ಬಂದವು. ಯಾರ‍್ಯಾರೋ ಅವನಾದರು, ಎಲ್ಲರೂ ಬಲಗಾಲನ್ನೇ ಎಳೆದರು.

ಮೊನ್ನೆ ಸಂಜೆ ಮೊಮ್ಮಗಳು ಕ್ಯಾಸೆಟ್ಟು ಹಾಕಿದಳು. ನಾನೂ ಹೋಗಿ ಅವಳ ಪಕ್ಕ ಕೂತೆ. ಹಲ್ಲು ಕಿರಿದ ಮುಖ ಕಿಟಕಿಯಲ್ಲಿ ಕಂಡದ್ದೇ ತಡ, ಅವಳು ಚೀರಿ ನನ್ನ ಮಡಿಲಿಗೆ ತಲೆ ತುರುಕಿದಳು.

“ಅಜ್ಜೀ, ನಿಂಗೆ ಹೆದ್ರಿಕೆ ಆಗೂದಿಲ್ವಾ?”

“ಎಂತಾ ಹೆದ್ರಿಕೆ?” ಎಂದೆ. “ಯಾರ ಮನೆ ಅಳಿಯನೋ ಏನೋ, ಪಾಪ. ಉಂಡಿದ್ನೋ ಇಲ್ವೋ.”