ಒರಳಿನ ಮುಂದೆ ಕಲಿತ ಇಂಗ್ಲಿಷ್ ಪದ

ಬೆಳಿಗ್ಗೆ ದೋಸೆಗೆಂದು ನೆನೆಹಾಕಿದ್ದ ಉದ್ದನ್ನು ಗ್ರೈಂಡರಿಗೆ ಹಾಕಿ ಸ್ವಿಚ್ ಒತ್ತಿದೆ. ಗುಂಯ್ ಎಂದಿತೇ ಹೊರತು ತಿರುಗಲಿಲ್ಲ. ಮೋಟರು ಬಿಸಿಯಾದ ಕಮರು ವಾಸನೆ ಅಡುಗೆಮನೆಗೆಲ್ಲ ಹರಡಿತು. ರಿಪೇರಿಯವನು ಹೇಳಿಕೊಟ್ಟಿದ್ದಂತೆ ಪಾತ್ರೆಯನ್ನು ಕೈಯಿಂದ ಒಮ್ಮೆ ನೂಕಿದೆ. ತಡವರಿಸಿ ಒಂದು ಸುತ್ತು ಬಂದಿತು, ಆಮೇಲೆ ತಾನೇ ಓಡತೊಡಗಿತು. 'ಮೊಮೆಂಟಮ್' ಎಂದೆ, ಜೋರಾಗಿಯೇ. ಶಿವಮೊಗ್ಗ ರವೀಂದ್ರನಗರದ ಈ ಮನೆಯಲ್ಲಿ ಅದನ್ನು ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ. ಯಜಮಾನರು ತೀರಿಕೊಂಡಿದ್ದಾರೆ, ಮಗಳು ಗಂಡನ ಮನೆ ದಾವಣಗೆರೆಯಲ್ಲಿದ್ದಾಳೆ. ಮಂಡಿ ನೋವಿದ್ದರೂ ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಅಷ್ಟು ಶಿವನ ದಯೆ.

ಆ ಪದವನ್ನು ನನಗೆ ಕಲಿಸಿದವರು ಭದ್ರಾವತಿಯ ಜನ್ನಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಹೈಸ್ಕೂಲಿನ ಇಂಗ್ಲಿಷ್ ಮಿಸ್ಸು. ನಾನು ಮದುವೆಯಾಗಿ ಅಲ್ಲಿಗೆ ಹೋದಾಗ ಅವರಿಗೆ ನಲವತ್ತು ದಾಟಿತ್ತು. ಮದುವೆ ಮಾಡಿಕೊಂಡಿರಲಿಲ್ಲ. ಹಿತ್ತಲಿನಲ್ಲಿ ಎರಡೂ ಮನೆಗೆ ಸೇರಿ ಒಂದೇ ಒರಳಿತ್ತು.

ನನ್ನ ಮೊದಲ ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ... ಆಸ್ಪತ್ರೆಯಿಂದ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದೆ. ಬಾಣಂತನದ ದಿನಗಳು ಮುಗಿದರೂ ಏಳಲಿಲ್ಲ. ದೀಪ ಹಚ್ಚಲಿಲ್ಲ, ಹಣೆಗೆ ವಿಭೂತಿ ಇಡಲಿಲ್ಲ. ಇನ್ನೊಂದು ಆಗುತ್ತೆ ಬಿಡು ಎಂದು ಬಂದವರೆಲ್ಲ ಹೇಳಿ ಹೋಗುತ್ತಿದ್ದರು. ಕೊನೆಗೆ ಅತ್ತೆಯವರು ನನ್ನನ್ನು ತವರಿಗೆ ಕಳಿಸಿಬಿಡುವ ಮಾತೆತ್ತಿದರು. ಹೋದರೆ ಮತ್ತೆ ಕರೆಸಿಕೊಳ್ಳುತ್ತಾರೋ ಇಲ್ಲವೋ ಎಂದು ಹೆದರುವುದಕ್ಕೂ ನನ್ನಲ್ಲಿ ಶಕ್ತಿಯಿರಲಿಲ್ಲ.

ಆಗ ಮಿಸ್ಸು ಬಂದರು. ಸಮಾಧಾನದ ಮಾತೇ ಆಡಲಿಲ್ಲ.

"ಏಳೇ ಮಾರಾಯ್ತಿ. ಅಕ್ಕಿ ನೆಂದು ಕೂತಿದೆ, ನಂಗೊಬ್ಬಳಿಗೆ ಆಗಲ್ಲ. ನೀನು ಕಲ್ಲು ತಿರುಗಿಸು, ನಾನು ತಳ್ತೀನಿ."

"ನನ್ನ ಕೈಲಾಗಲ್ಲ ಮಿಸ್."

"ಅದನ್ನ ಕಲ್ಲು ಹೇಳ್ಲಿ. ನೀ ಹೇಳ್ಬೇಡ."

ಇಬ್ಬರು ಕೂತು ರುಬ್ಬುವಾಗ ಒಬ್ಬಳು ಗುಂಡನ್ನು ತಿರುಗಿಸಬೇಕು. ಇನ್ನೊಬ್ಬಳು, ಗುಂಡು ಹಾದುಹೋದ ಕೂಡಲೇ, ಅಂಚಿಗೆ ಬಂದ ಹಿಟ್ಟನ್ನು ಬೆರಳಿನಿಂದ ಕುಳಿಗೆ ತಳ್ಳಬೇಕು. ತಿರುಗಿಸುವವಳು ಓಟ ಕೆಡಿಸಿದರೆ ತಳ್ಳುವವಳ ಬೆರಳು ಜಜ್ಜಿಹೋಗುತ್ತದೆ. ಹಾಗಾಗಿ ನಂಬಿಕೆ ಇದ್ದವರ ಜೊತೆ ಮಾತ್ರ ಹಾಗೆ ಕೂರುತ್ತಿದ್ದುದು.

ಮೊದಲ ಸುತ್ತಿಗೇ ನನ್ನ ರಟ್ಟೆ ಸೋತಿತು. ಬಿಟ್ಟು ಎದ್ದುಹೋಗೋಣವೆಂದು ನೋಡಿದರೆ ಮಿಸ್ಸಿನ ಬೆರಳು ಆಗಲೇ ಕಲ್ಲಿನ ದಾರಿಯಲ್ಲಿತ್ತು. ಆ ಬೆರಳಿಗೋಸ್ಕರ ತಿರುಗಿಸಿದೆ. ಇನ್ನೊಂದು ಸುತ್ತು, ಮತ್ತೊಂದು... ಸ್ವಲ್ಪ ಹೊತ್ತಿಗೆ ಕಲ್ಲೇ ನನ್ನ ಕೈಯನ್ನು ಎಳೆದುಕೊಂಡು ಹೋಗುತ್ತಿತ್ತು.

"ಇದಕ್ಕೆ ಇಂಗ್ಲಿಷಲ್ಲಿ ಮೊಮೆಂಟಮ್ ಅಂತಾರೆ," ಎಂದರು ಮಿಸ್ಸು, ತಲೆಯೆತ್ತದೆ. "ಓಡ್ತಾ ಓಡ್ತಾ ಕೂಡಿಕೊಳ್ಳೋ ಬಲ. ಬಂಡಿಗೂ ಹೇಳ್ತಾರೆ, ಚಳವಳಿಗೂ ಹೇಳ್ತಾರೆ. ಮೊದಲ್ನೇ ಸುತ್ತು ಮಾತ್ರ ಭಾರ. ಎಲ್ಲಿ, ಒಂದು ವಾಕ್ಯ ಮಾಡು ನೋಡೋಣ. ಅರ್ಥ ಗೊತ್ತಾದ್ರೆ ಸಾಲದು, ಬಳಸಕ್ಕೆ ಬರ್ಬೇಕು."

ಏನು ತೋಚಿತೋ, "ನಮ್ಮತ್ತೆ ಬೆಳಿಗ್ಗೆ ಬೈಯಕ್ಕೆ ಶುರು ಮಾಡಿದ್ರೆ ಸಂಜೆ ಹೊತ್ತಿಗೆ ಒಳ್ಳೆ ಮೊಮೆಂಟಮ್ ಬಂದಿರುತ್ತೆ," ಎಂದುಬಿಟ್ಟೆ.

"ಮೆತ್ತಗೆ ಕಣೇ, ಕಿಟಕಿ ತೆಗ್ದಿದೆ! ಆದ್ರೂ ಫುಲ್ ಮಾರ್ಕ್ಸು."

ಕೂಸು ಹೋದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ನಗುತ್ತಲೇ ಅಳುವೂ ಬಂತು. ಅಳುತ್ತಲೇ ತಿರುಗಿಸಿದೆ. ಮಿಸ್ಸು ತಳ್ಳುತ್ತಲೇ ಇದ್ದರು. ಅವತ್ತು ಸಂಜೆ ಸ್ನಾನ ಮಾಡಿ ದೀಪ ಹಚ್ಚಿದೆ. ಅತ್ತೆಯವರು ನೋಡಿ ಎಣ್ಣೆ ಬಟ್ಟಲನ್ನು ಹತ್ತಿರ ಸರಿಸಿದರು. ತವರಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ.

ಎಷ್ಟೋ ವರ್ಷಗಳ ನಂತರ ನಾವು ಶಿವಮೊಗ್ಗಕ್ಕೆ ಬಂದೆವು. ನಿವೃತ್ತರಾದ ಮಿಸ್ಸು ರಾಗಿಗುಡ್ಡದ ಹತ್ತಿರ ತಂಗಿಯ ಮನೆ ಸೇರಿದ್ದರು. ಲಕ್ವ ಹೊಡೆದಿದೆ ಎಂದು ಕೇಳಿ ನೋಡಲು ಹೋದೆ. ಬಲಗೈ ಹೊದಿಕೆಯ ಮೇಲೆ ಯಾರೋ ಇಟ್ಟು ಮರೆತಂತೆ ಬಿದ್ದಿತ್ತು.

"ನೀವಾದ್ರೂ ಹೇಳಿ ಅಕ್ಕ," ಎಂದರು ತಂಗಿ. "ವ್ಯಾಯಾಮ ಮಾಡಿಸೋಕೆ ಬಂದೋರನ್ನ ಬೈದು ಕಳಿಸ್ತಾಳೆ."

ನಾನು ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದು ಮೆಲ್ಲಗೆ ಸುತ್ತಿಸತೊಡಗಿದೆ. "ಮೊದಲ್ನೇ ಸುತ್ತು ಮಾತ್ರ ಭಾರ ಮಿಸ್. ನೀವೇ ಹೇಳ್ಕೊಟ್ಟಿದ್ದು."

ಅವರು ಕಣ್ಣು ತೆರೆದರು. ಮಾತು ತೊದಲುತ್ತಿತ್ತು, ಆದರೂ ತಿಳಿಯಿತು.

"ನಿಂಗಾಗ ಏಳೋ ವಯಸ್ಸು ಕಣೇ, ಅದಕ್ಕೇ ಏಳಿಸ್ದೆ. ನಂಗೆ ಸಾಕಾಗಿದೆ. ತಿರುಗಿಸ್ಬೇಡ... ಕೈ ಮಾತ್ರ ಬಿಡ್ಬೇಡ."

ಆ ಹೊತ್ತಿಗೆ ವಾದ ಮಾಡುವ ಬುದ್ಧಿ ನನಗೆ ಬರದಿದ್ದದ್ದೂ ಶಿವನ ದಯೆಯೇ. ತಿರುಗಿಸುವುದನ್ನು ನಿಲ್ಲಿಸಿ, ಬೀದಿದೀಪ ಹತ್ತುವವರೆಗೂ ಆ ಕೈ ಹಿಡಿದು ಕೂತಿದ್ದೆ. ಇನ್ನೊಮ್ಮೆ ಹೋಗಬೇಕು ಎನ್ನುವುದರೊಳಗೆ ಸುದ್ದಿ ಬಂತು...

ಈಗ ಮಗಳು ದಿನಾ ಫೋನು ಮಾಡಿ, ಸುಮ್ನೆ ಕೂರ್ಬೇಡಮ್ಮಾ, ಏನಾದ್ರೂ ಮಾಡ್ತಿರು ಎನ್ನುತ್ತಾಳೆ. ಮಾಡುತ್ತಲೇ ಇರುತ್ತೇನೆ. ಸಂಜೆ ಪೂಜೆ ಮುಗಿದ ಮೇಲೆ ಮಾತ್ರ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಆಗ ನನ್ನ ಬಲಗೈಯನ್ನು ನನ್ನ ಎಡಗೈಯಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರುತ್ತೇನೆ.